ಅರಿಷಿಣ ಹತ್ತಿದ ಕೈಗಳು

ಕಾಕಾ ಫೋನ್ ಮಾಡಿದ್ದು ಫೆಬ್ರುವರಿಯಲ್ಲಿ, ಅರಿಷಿಣ ಕುದಿಸುವ ಹಂಗಾಮಿನಲ್ಲಿ. ಹಿಂದಿನಿಂದ ಕಾಯಿಲಿಯ ಕೆಳಗೆ ಕಬ್ಬಿನ ರವದಿ ಉರಿಯುವ ಚಟಪಟ ಸಪ್ಪಳ ಕೇಳುತ್ತಿತ್ತು.

"ತಂಗೀ, ಗುಳಿಗಿ ಮಾರಾಂವ ಒಬ್ಬಾಂವ ಊರಿಗೆ ಬಂದಿದ್ದಾ. ನಮ್ಮ ಅರಿಷಿಣದಾಗಿಂದ ಅದೇನೋ ತಗದು ಮಾಡ್ಯಾರಂತ. ಮೈಯಾಗಿನ ಕ್ಯಾನ್ಸರಿನ ಸ್ವಿಚ್ಚ ಬಂದ್ ಮಾಡತೈತಂತ. ನೀ ಅದರಾಗ ಕೆಲಸ ಮಾಡತಿಯಲಾ, ಖರೇ ಏನು?"

ನಾನಾಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೈಗವಸು ಹಾಕಿಕೊಂಡು, ಜೀವಕೋಶಗಳಿಗೆ ಊಟ ಬದಲಿಸುತ್ತ ಕೂತಿದ್ದೆ. "ಖರೇ ಐತಿ ಕಾಕಾ, ಆದ್ರ..." ಎಂದೆ. ಅಷ್ಟರಲ್ಲಿ ಯಾರೋ ಅತ್ತ ಕಾಯಿಲಿ ಇಳಿಸಲು ಕರೆದರು, ಫೋನ್ ಕಟ್ಟಾಯಿತು. ಆ "ಆದ್ರ"ದ ಮುಂದೆ ಹೇಳಬೇಕಾಗಿದ್ದುದು ಬಹಳ ಇತ್ತು.

ನಮ್ಮೂರು ಆರಗ. ಮಿರಜ ತಾಲೂಕು, ಸಾಂಗಲಿ ಜಿಲ್ಲೆ. ಮಿರಜದಿಂದ ಪಂಢರಪುರದ ಕಡೆ ಹೋಗುವ ರೈಲಿಗೆ ಅಲ್ಲೊಂದು ಸ್ಟೇಷನ್. ಮನೆಯಲ್ಲಿ ಕನ್ನಡ, ತಲಾಠಿಯ ಹತ್ತಿರ ಮರಾಠಿ, ದವಾಖಾನೆಗೆ ಮಿರಜ, ಪೇಟೆಗೆ ಸಾಂಗಲಿ. ಊರಿನ ಹೆಸರು ನಡೆಯುವುದು ದ್ರಾಕ್ಷಿ ಮತ್ತು ಎಲೆಬಳ್ಳಿಯಿಂದ. ಅರಿಷಿಣ ನಮ್ಮಂಥ ಕೆಲವರ ಹೊಲದ ಮೂಲೆಯಲ್ಲಿ ಎಂಟೋ ಹತ್ತೋ ಗುಂಟೆ. ಆದರೆ ಸಾಂಗಲಿ ಎಂದರೆ ದೇಶಕ್ಕೆಲ್ಲ ಅರಿಷಿಣ. ರಾಜಾಪುರಿ ಕೊಂಬಿನ ರಾಶಿಗಳು ಮಾರ್ಕೆಟ್ ಯಾರ್ಡಿನಲ್ಲಿ ಬಿದ್ದಿರುತ್ತವೆ, ಕೈಯಲ್ಲಿ ಮುರಿದು ಒಳಬಣ್ಣ ನೋಡಿ ಲಿಲಾವು ನಡೆಯುತ್ತದೆ. 2018ರಲ್ಲಿ ಸಾಂಗಲಿ ಅರಿಷಿಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕೃಷ್ಣೆ ವಾರಣೆ ಕೂಡುವ ಹರಿಪುರದಲ್ಲಿ ನೆಲದೊಳಗಿನ ಪೇವುಗಳಲ್ಲಿ, ಅಂದರೆ ನಮ್ಮ ಹಗೇವುಗಳಲ್ಲಿ, ಅರಿಷಿಣ ತುಂಬಿಡುತ್ತಿದ್ದರು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟಕ್ಕೆ ನೀರು ಹೊಕ್ಕು ಹಾಳಾದವು.

ನಾನು ಬಿಎಸ್‌ಸಿ ಮಾಡಿದ್ದು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ. ರಂ.ಶ್ರೀ. ಮುಗಳಿಯವರು ಕನ್ನಡ ಪಾಠ ಹೇಳಿದ ಕಾಲೇಜು ಅದು ಎಂದು ನನಗೆ ತಿಳಿದದ್ದು ಬೆಂಗಳೂರಿಗೆ ಬಂದ ಮೇಲೆ! ಇಲ್ಲಿ ಬಂದು ನಾನು ಕಲಿತದ್ದು ಜೀವಕೋಶ ಸಾಕುವ ಕೆಲಸ. ಆಡು, ಎಮ್ಮೆ ಸಾಕಿದ ಹಾಗೇ. ಹೊತ್ತಿಗೆ ಸರಿಯಾಗಿ ಮೇವು, ಹೊತ್ತಿಗೆ ಸರಿಯಾಗಿ ನೀರು, ಸೋಂಕು ತಗಲದಂತೆ ಕಾವಲು. ಹಬ್ಬಕ್ಕೂ ರಜೆ ಇಲ್ಲ.

ಕಾಕಾ ಹೇಳಿದ "ಸ್ವಿಚ್ಚ" ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಅದರ ಹೆಸರು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಟ್ರಾನ್ಸ್‌ಕ್ರಿಪ್ಷನ್ ಎಂಬುದಕ್ಕೆ ಪಠ್ಯಪುಸ್ತಕದವರು ಪ್ರತಿಲೇಖನ ಎನ್ನುತ್ತಾರೆ. ನನ್ನ ನಾಲಿಗೆ ಉತಾರ ಎನ್ನುತ್ತದೆ. ಸಾತ್-ಬಾರಾ ಉತಾರ, ಅಂದರೆ ಹೊಲದ ದಾಖಲೆಯ ನಕಲು, ತೆಗೆಸದೆ ನಮ್ಮಲ್ಲಿ ಸೊಸೈಟಿ ಸಾಲವೂ ಇಲ್ಲ, ಬೆಳೆವಿಮೆಯೂ ಇಲ್ಲ. ಮೂಲ ದಫ್ತರ ಕಚೇರಿ ಬಿಟ್ಟು ಹೊರಗೆ ಹೋಗುವಂತಿಲ್ಲ. ಬೇಕಾದ ಪುಟದ ನಕಲು ಮಾತ್ರ ಕೈಗೆ ಬರುತ್ತದೆ. ಜೀವಕೋಶದಲ್ಲೂ ಹಾಗೆಯೇ. ನಡುವಿನ ಕೋಶಕೇಂದ್ರದಲ್ಲಿ ಡಿಎನ್‌ಎ ಎಂಬ ದಫ್ತರ. ಮನುಷ್ಯನ ದಫ್ತರದಲ್ಲಿ ಪ್ರೋಟೀನ್ ಮಾಡಿಸುವ ಜೀನ್‌ಗಳೇ ಸುಮಾರು 20,000. ಆ ಪುಟಗಳಿಂದ ತೆಗೆದ ಉತಾರ ಆರ್‌ಎನ್‌ಎ. ಅದನ್ನು ಹೊರಗೆ ಒಯ್ದು, ಓದಿ, ಪ್ರೋಟೀನ್ ಕಟ್ಟುತ್ತಾರೆ. ಚರ್ಮದ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ದಫ್ತರ ಒಂದೇ. ಯಾವ ಪುಟದ ಉತಾರ ಎಷ್ಟು ತೆಗೆಸಿದರು ಎಂಬುದರಲ್ಲೇ ಅವೆರಡರ ಫರಕು. ಈಗ ಈ ಪುಟ ತೆಗೆ, ಈಗ ಆ ಪುಟ ಮುಚ್ಚು ಎಂದು ಬಂದು ಹೇಳುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಮನುಷ್ಯನಲ್ಲಿ ಇಂಥವು 1,600ರ ಆಸುಪಾಸು ಇವೆ.

ಇಷ್ಟೊಂದು ಪುಟಗಳಲ್ಲಿ ತನ್ನದು ಯಾವುದೆಂದು ಇವಕ್ಕೆ ತಿಳಿಯುವುದು ಹೇಗೆ? ದನದ ಸಂತೆಯಲ್ಲಿ ವ್ಯಾಪಾರ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಇಬ್ಬರು ದಲಾಲರು ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ದರ ಹೇಳುತ್ತಾರೆ. ಕಣ್ಣಿಗೆ ಏನೂ ಕಾಣದು, ಎಲ್ಲ ಸ್ಪರ್ಶದಲ್ಲೇ. ಡಿಎನ್‌ಎಯ ಎರಡೆಳೆಯ ಹುರಿಯನ್ನು ಈ ಪ್ರೋಟೀನ್‌ಗಳು ಬಿಚ್ಚಿ ಓದುವುದಿಲ್ಲ. ಹುರಿಯ ಹೊರಮೈಯಲ್ಲಿರುವ ಓಣಿಯಂಥ ತಗ್ಗಿನಲ್ಲಿ ಬೆರಳಾಡಿಸಿ, ಅಕ್ಷರಗಳ ಅಂಚು ತಡವಿ, ಇದು ನನ್ನ ಪುಟ ಎಂದು ಗುರುತಿಸುತ್ತವೆ. ಟವೆಲಿನ ವ್ಯಾಪಾರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಕಾನ ಗುಳಿಗೆ ಮಾರುವವನು ಹೇಳಿದ ಸ್ವಿಚ್ಚು ಬಹುಶಃ ಎನ್‌ಎಫ್-ಕಪ್ಪಾ-ಬಿ. ಇದನ್ನು 1986ರಲ್ಲಿ ಗುರುತಿಸಿದವರು ಅಮೆರಿಕದಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿದ್ದ ರಂಜನ್ ಸೇನ್. ಇದು ಗಲಾಟೆಯ ಕಾಲದ ಫ್ಯಾಕ್ಟರ್. ಊರು ಶಾಂತವಾಗಿದ್ದಾಗ ಕೋಶಕೇಂದ್ರದ ಹೊರಗೇ ಗೂಟಕ್ಕೆ ಕಟ್ಟಿಹಾಕಿಸಿಕೊಂಡು ಇರುತ್ತದೆ. ಕಟ್ಟಿದ ಹಗ್ಗದ ಹೆಸರು ಐ-ಕಪ್ಪಾ-ಬಿ. ಗಾಯವಾಯಿತು, ರೋಗಾಣು ಹೊಕ್ಕಿತು ಎಂಬ ಸುದ್ದಿ ಕೋಶದ ಹೊರಗೋಡೆಗೆ ಮುಟ್ಟಿದರೆ ಒಂದು ಕಿಣ್ವ ಬಂದು ಆ ಹಗ್ಗಕ್ಕೆ ರಂಜಕದ ಗುರುತು ಹಾಕುತ್ತದೆ. ಗುರುತು ಬಿದ್ದ ಹಗ್ಗವನ್ನು ಕೋಶದ ಕಸ ಅರೆಯುವ ಗಿರಣಿ ನುಂಗಿಬಿಡುತ್ತದೆ. ಅರ್ಧ ತಾಸಿನೊಳಗೆ ಎನ್‌ಎಫ್-ಕಪ್ಪಾ-ಬಿ ಒಳನುಗ್ಗಿ ನೂರಾರು ಪುಟಗಳ ಉತಾರ ತೆಗೆಸುತ್ತದೆ. ಗಾಯದ ಸುತ್ತ ಕೆಂಪಾಗುವುದು, ಬಾಯುವುದು, ಬಿಸಿಯಾಗುವುದು ಇದರ ಫಲ. ತಮಾಷೆ ಎಂದರೆ, ಅದು ತೆಗೆಸುವ ಪುಟಗಳಲ್ಲಿ ಆ ಹಗ್ಗವನ್ನು ಹೊಸೆಯುವ ಪುಟವೂ ಒಂದು. ಕೆಲಸ ಮುಗಿದ ಮೇಲೆ ತನ್ನನ್ನು ತಾನೇ ಕಟ್ಟಿಸಿಕೊಳ್ಳುವ ಏರ್ಪಾಡು! ಹಲವು ಕ್ಯಾನ್ಸರುಗಳಲ್ಲಿ, ಹಳೆಯ ಬಾವಿನ ಕಾಯಿಲೆಗಳಲ್ಲಿ ಈ ಏರ್ಪಾಡು ಕೆಟ್ಟು, ಅದು ಬಿಚ್ಚಿಕೊಂಡೇ ಓಡಾಡುತ್ತಿರುತ್ತದೆ.

ಸಂಶೋಧಕರಿಗೆ ಇದನ್ನು ತಡೆದು ನೋಡುವ ಆಸೆ ಯಾಕೆ? ನಮ್ಮ ಬಾವಿಯ ಬೋರ್ಡಿನಲ್ಲಿ ಯಾವ ಫ್ಯೂಸು ಯಾವ ಪಂಪಿನದು ಎಂದು ಮರೆತಾಗ ಕಾಕಾ ಒಂದೊಂದೇ ಕಿತ್ತು ನೋಡುತ್ತಾರೆ. ಅದೇ ಲೆಕ್ಕ. ಜೀನನ್ನೇ ಅಳಿಸಿ ನೋಡುವ ದಾರಿಯೂ ಇದೆ. ಆದರೆ ಅದಕ್ಕೆ ವಾರಗಟ್ಟಲೆ ಬೇಕು, ಅಷ್ಟರಲ್ಲಿ ಕೋಶ ಬೇರೇನೋ ಹೊಂದಾಣಿಕೆ ಮಾಡಿಕೊಂಡಿರುತ್ತದೆ. ರಾಸಾಯನಿಕವಾದರೆ ಹನಿ ಹಾಕಿದ ಕೆಲವೇ ನಿಮಿಷಕ್ಕೆ ತಡೆ. ತೊಳೆದರೆ ಎಷ್ಟೋ ಸಲ ಮತ್ತೆ ಚಾಲೂ. ಇಂಥ ತಡೆಯುವ ರಾಸಾಯನಿಕಗಳನ್ನು ನಾವು ಇನ್‌ಹಿಬಿಟರ್ ಎನ್ನುತ್ತೇವೆ. ಮೈನಸ್ 20 ಡಿಗ್ರಿಯ ಫ್ರಿಜ್ಜಿನಲ್ಲಿ ಬೆರಳುದ್ದದ ಬಾಟಲಿಗಳಲ್ಲಿ ಸಾಲಾಗಿ ಕೂತಿರುತ್ತವೆ.

ಇಲ್ಲೇ ಟವೆಲಿನ ತೊಡಕು. ಕಿಣ್ವಗಳಿಗೆ ಒರಳಿನ ಗುಂಡಿಯಂಥ ಒಂದು ಕುಳಿ ಇರುತ್ತದೆ. ಆ ಗುಂಡಿಗೆ ಸರಿಯಾಗಿ ಕೂರುವ ಕಲ್ಲು ಹುಡುಕಿದರೆ ಒರಳು ನಿಂತಿತು. ನಾವು ನುಂಗುವ ಔಷಧಿಗಳಲ್ಲಿ ಬಹಳಷ್ಟು ಇಂಥ ಕಲ್ಲುಗಳೇ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳಲ್ಲಿ ಹೆಚ್ಚಿನವಕ್ಕೆ ಅಂಥ ಗುಂಡಿ ಇಲ್ಲ. ಅಲ್ಲಿರುವುದು ಅಂಗೈಗೆ ಅಂಗೈ. ಚಪ್ಪಟೆ, ಅಗಲ, ಒಂದನ್ನೊಂದು ಪೂರಾ ಹಿಡಿದದ್ದು. ನಡುವೆ ಒಂದು ಸಣ್ಣ ಹರಳು ತೂರಿಸಿ ಆ ಹಿಡಿತ ಬಿಡಿಸುವುದು ಎಲ್ಲಿಂದ? ಬಹುಕಾಲ ಔಷಧ ಕಂಪನಿಗಳು ಇವುಗಳ ತಂಟೆಗೇ ಹೋಗಲಿಲ್ಲ. ಹಾರ್ಮೋನಿಗೆ ಸ್ಪಂದಿಸುವವು ಮಾತ್ರ ಇದಕ್ಕೆ ಹೊರತು, ಯಾಕೆಂದರೆ ಹಾರ್ಮೋನು ಕೂರಲು ಅವಕ್ಕೆ ಗುಂಡಿ ಇದೆ. ಸ್ತನದ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಕೂರುವುದು ಅಂಥ ಒಂದು ಫ್ಯಾಕ್ಟರಿನ ಗುಂಡಿಯಲ್ಲೇ.

ಹಾಗಾಗಿ ಪ್ರಯೋಗಾಲಯದಲ್ಲಿ "ಎನ್‌ಎಫ್-ಕಪ್ಪಾ-ಬಿ ಇನ್‌ಹಿಬಿಟರ್" ಎಂಬ ಚೀಟಿ ಅಂಟಿಸಿಕೊಂಡ ಬಾಟಲಿಗಳಲ್ಲಿ ಬಹಳಷ್ಟು ಎನ್‌ಎಫ್-ಕಪ್ಪಾ-ಬಿಯನ್ನು ಮುಟ್ಟುವುದೇ ಇಲ್ಲ. ಬೇ 11-7082 ಎಂಬುದು ಹಗ್ಗಕ್ಕೆ ಗುರುತು ಬೀಳದಂತೆ ನೋಡಿಕೊಳ್ಳುತ್ತದೆ. ಎಂಜಿ-132 ಎಂಬುದು ಕಸದ ಗಿರಣಿಯನ್ನೇ ನಿಲ್ಲಿಸುತ್ತದೆ. ಹಗ್ಗವೇನೋ ಉಳಿಯಿತು, ಆದರೆ ಕೋಶದ ಉಳಿದೆಲ್ಲ ಕಸವೂ ಮನೆಯಲ್ಲೇ ಉಳಿಯಿತು. ನಾವು ದಿನಾ ನುಂಗುವ ಆಸ್ಪಿರಿನ್ ಕೂಡ ಹೆಚ್ಚಿನ ಪ್ರಮಾಣದಲ್ಲಿ ಈ ಫ್ಯಾಕ್ಟರನ್ನು ತಡೆಯುತ್ತದೆ ಎಂದು 1994ರಲ್ಲಿ ಎಲಿಜಬೆತ್ ಕಾಪ್ ಮತ್ತು ಶಂಕರ್ ಘೋಷ್ ತೋರಿಸಿದ್ದರು. ಬಾಟಲಿಯ ಮೇಲಿನ ಹೆಸರು ಸಂಶೋಧಕನ ಉದ್ದೇಶವನ್ನು ಹೇಳುತ್ತದೆಯೇ ಹೊರತು ಒಳಗಿನ ವಸ್ತುವಿನ ಸ್ವಭಾವವನ್ನಲ್ಲ. ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ, ಫಜೀತಿಯಿಂದ.

ಸೇರಿದ ಹೊಸತು. ನನಗೆ ಕೊಟ್ಟ ಕೆಲಸದಲ್ಲಿ ಒಂದು ಬಾಟಲಿ ಕರ್ಕ್ಯುಮಿನ್. ಅರಿಷಿಣಕ್ಕೆ ಹಳದಿ ಬಣ್ಣ ಕೊಡುವುದು ಇದೇ. 1815ರಲ್ಲೇ ವೊಗೆಲ್ ಮತ್ತು ಪೆಲ್ಟಿಯೇ ಎಂಬ ಇಬ್ಬರು ಇದನ್ನು ಬೇರ್ಪಡಿಸಿದ್ದರು. ರಚನೆ ಇಂಥದು ಎಂದು ಗೊತ್ತಾಗಲು 1910ರ ತನಕ ಕಾಯಬೇಕಾಯಿತು. ಒಣ ಅರಿಷಿಣದಲ್ಲಿ ಸುಮಾರು ನೂರಕ್ಕೆ ಮೂರು ಪಾಲು ಇರುತ್ತದೆ. ನನ್ನ ಆಯಿ ಕೊಂಬು ಕುಟ್ಟಿ ಡಬ್ಬಿ ತುಂಬಿ ಕೊಟ್ಟದ್ದು ಕೋಣೆಯಲ್ಲಿ, ಅದರದೇ ಸಾರ ವಿದೇಶದ ಚೀಟಿ ಅಂಟಿಸಿಕೊಂಡು ಫ್ರಿಜ್ಜಿನಲ್ಲಿ! ಆ ಚಿಟಿಕೆ ಪುಡಿಯ ಬೆಲೆಗೆ ಸಾಂಗಲಿಯಲ್ಲಿ ಎಷ್ಟು ಕಿಲೋ ಬರುತ್ತಿತ್ತು ಎಂದು ಲೆಕ್ಕ ಹಾಕಿ ನಗು ಬಂದಿತ್ತು.

ಪ್ರಯೋಗ ಸರಳ. ಎನ್‌ಎಫ್-ಕಪ್ಪಾ-ಬಿ ಒಳಹೊಕ್ಕರೆ ಹಸಿರು ಬೆಳಕು ಬೀರುವಂತೆ ಮಾಡಿದ ಕೋಶಗಳು. ಅವನ್ನು ಕೆರಳಿಸಬೇಕು, ಕರ್ಕ್ಯುಮಿನ್ ಹಾಕಬೇಕು, ಹಸಿರು ಕಡಿಮೆಯಾಯಿತೇ ನೋಡಬೇಕು. ಹಾಕಿದೆ. ಹಸಿರು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಇನ್ನೂ ಹಾಕಿದೆ, ಇನ್ನೂ ಹೆಚ್ಚಾಯಿತು. ಎರಡು ರಾತ್ರಿ ನಿದ್ದೆಯಿಲ್ಲ. ಹೊಸ ಸಂಗತಿ ಕಂಡುಹಿಡಿದೆ ಎಂದೇ ನಂಬಿದ್ದೆ. ಮೂರನೆಯ ದಿನ ಒಬ್ಬ ಹಿರಿಯ ಸಹೋದ್ಯೋಗಿ ಬಂದು, ಕೋಶವೇ ಇಲ್ಲದ ತಟ್ಟೆಗೆ ಬರೀ ಕರ್ಕ್ಯುಮಿನ್ ಹನಿ ಬಿಟ್ಟು ಯಂತ್ರದೊಳಗೆ ಇಟ್ಟರು. ಖಾಲಿ ತಟ್ಟೆ ಹಸಿರಾಗಿ ಹೊಳೆಯಿತು. ಕರ್ಕ್ಯುಮಿನ್ ತಾನೇ ಬೆಳಕು ಹೀರಿ ಹಸಿರು ಬೆಳಕು ಕೊಡುವ ವಸ್ತು. ಬಾಲ್ಯದಿಂದ ಅರಿಷಿಣದಲ್ಲೇ ಬೆಳೆದವಳಿಗೆ ಇದು ಗೊತ್ತಿರಲಿಲ್ಲ.

ಅಲ್ಲಿಂದ ನಾನು ಅದರ ಚರಿತ್ರೆ ಓದತೊಡಗಿದೆ. 1991ರಲ್ಲಿ ತೈವಾನಿನ ಸಂಶೋಧಕರು ಎಪಿ-1 ಎಂಬ ಇನ್ನೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರನ್ನು ಇಲಿಯ ಕೋಶಗಳಲ್ಲಿ ಕರ್ಕ್ಯುಮಿನ್ ತಗ್ಗಿಸುತ್ತದೆ ಎಂದು ಬರೆದರು. 1995ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸಂಜಯ ಸಿಂಗ್ ಮತ್ತು ಭರತ್ ಅಗರ್‌ವಾಲ್ ಅದು ಎನ್‌ಎಫ್-ಕಪ್ಪಾ-ಬಿಯನ್ನೂ ತಡೆಯುತ್ತದೆ ಎಂದು ಪ್ರಕಟಿಸಿದರು. ಅದೇ 1995ರಲ್ಲೇ ಗಾಯಕ್ಕೆ ಅರಿಷಿಣ ಹಚ್ಚುವುದರ ಮೇಲೆ ಮಿಸಿಸಿಪ್ಪಿಯ ಒಂದು ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಮುಂದಿಟ್ಟು ಜಗಳ ಹೂಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅರಿಷಿಣ ಒಮ್ಮೆಲೇ ಜಗತ್ತಿನ ಬಾಯಲ್ಲಿ ಬಂತು. ಪ್ರಬಂಧಗಳ ಮೇಲೆ ಪ್ರಬಂಧ. ಎನ್‌ಎಫ್-ಕಪ್ಪಾ-ಬಿ, ಎಪಿ-1, ಸ್ಟ್ಯಾಟ್-3, ಹೀಗೆ ಯಾವ ಫ್ಯಾಕ್ಟರಿನ ಹೆಸರು ಹೇಳಿದರೂ ಕರ್ಕ್ಯುಮಿನ್ ಅದನ್ನು ತಡೆದಿತ್ತು. ಯಾವ ರೋಗ ಹೇಳಿದರೂ ತಟ್ಟೆಯಲ್ಲಿ ವಾಸಿಯಾಗಿತ್ತು. ಸಂತೆಯಲ್ಲಿ ಒಂದೇ ಬೇರು ತೋರಿಸಿ ಹಲ್ಲುನೋವಿನಿಂದ ಮೂಲವ್ಯಾಧಿಯವರೆಗೆ ಎಲ್ಲಕ್ಕೂ ಇದೇ ಎನ್ನುವವನನ್ನು ಕಂಡರೆ ನಮ್ಮ ಆಯಿ ಸೆರಗು ಎಳೆದುಕೊಂಡು ಮುಂದೆ ಹೋಗುತ್ತಿದ್ದಳು. ವಿಜ್ಞಾನಿಗಳಿಗೆ ಆ ಗುಮಾನಿ ಬರಲು ಹೆಚ್ಚು ವರ್ಷ ಬೇಕಾಯಿತು. ಮುಂದೆ ಅಗರ್‌ವಾಲ್ ಅವರ ಹೆಸರಿದ್ದ ಎರಡು ಡಜನ್ನಿಗೂ ಹೆಚ್ಚು ಪ್ರಬಂಧಗಳನ್ನು ಪತ್ರಿಕೆಗಳು ಹಿಂದಕ್ಕೆ ಪಡೆದವು. ಹಾಗೆಂದು ತಟ್ಟೆಯಲ್ಲಿ ಎನ್‌ಎಫ್-ಕಪ್ಪಾ-ಬಿ ತಗ್ಗುವುದು ಸುಳ್ಳಲ್ಲ. ಸಂಬಂಧವಿಲ್ಲದ ಬೇರೆ ಪ್ರಯೋಗಾಲಯಗಳೂ ಅದನ್ನು ಕಂಡಿವೆ. ಪ್ರಶ್ನೆ ಬೇರೆ: ಅದರ ಜತೆಗೆ ಇನ್ನೇನೇನು ತಗ್ಗಿತು?

ಇದರ ಉತ್ತರದ ಅರ್ಧ ಭಾಗ ನಮ್ಮ ಹಿತ್ತಲಲ್ಲೇ ಇತ್ತು. ಬಿಳಿ ಸೀರೆಗೆ ಅರಿಷಿಣದ ಕಲೆ ಬಿದ್ದರೆ ಅವ್ವ ಸಾಬೂನು ಹಚ್ಚುತ್ತಿದ್ದಳು. ಕಲೆ ರಕ್ತದಂತೆ ಕೆಂಪಾಗುತ್ತಿತ್ತು. ಹೆದರದೆ ತೊಳೆದು ಬಿಸಿಲಿಗೆ ಹಾಕಿದರೆ ಸಂಜೆಗೆ ಮಾಯ. ಅರಿಷಿಣಕ್ಕೆ ಸುಣ್ಣ ಕೂಡಿಸಿ ಓಕಳಿ ಮಾಡುವುದೂ, ಕುಂಕುಮ ಮಾಡುವುದೂ ಇದೇ ಗುಣದಿಂದ. ಕ್ಷಾರ ಕಂಡರೆ ಬಣ್ಣ ಬದಲು, ಬಿಸಿಲು ಕಂಡರೆ ಮುರಿದುಬೀಳುವುದು. ಇಷ್ಟು ಚಂಚಲವಾದ ಅಣು ತಟ್ಟೆಯೊಳಗೆ ಮಾತ್ರ ತೆಪ್ಪಗೆ ಕೂತಿರುತ್ತದೆಯೇ? 1997ರಲ್ಲಿ ಅಳೆದು ನೋಡಿದರು. ನಮ್ಮ ಮೈಯಷ್ಟೇ ಬಿಸಿ, ಹೆಚ್ಚುಕಡಿಮೆ ನಮ್ಮ ರಕ್ತದಷ್ಟೇ ಕ್ಷಾರವಿರುವ, ಸೀರಮ್ ಎಂಬ ರಕ್ತದ ತಿಳಿ ಇಲ್ಲದ ದ್ರಾವಣದಲ್ಲಿ ಅರ್ಧ ತಾಸಿಗೆ ನೂರಕ್ಕೆ ತೊಂಬತ್ತು ಪಾಲು ಕರ್ಕ್ಯುಮಿನ್ ಒಡೆದುಹೋಗಿತ್ತು. ಸೀರಮ್ ಬೆರೆಸಿದರೆ ಅರ್ಧದಷ್ಟು ಎಂಟು ತಾಸು ಬಾಳುತ್ತದೆ. ಅಂದರೆ ಒಂದು ಇಡೀ ದಿನ ಕಾದು ನಾವು ತಟ್ಟೆಯಲ್ಲಿ ನೋಡುವ ಪರಿಣಾಮ ಕರ್ಕ್ಯುಮಿನ್ನಿನದೋ, ಅದರ ಚೂರುಗಳದೋ?

ಉಳಿದರ್ಧ ನಮ್ಮ ಮದುವೆ ಮನೆಯಲ್ಲಿದೆ. ಸುರಗಿಯ ದಿನ ಅರಿಷಿಣ ಹಚ್ಚುವುದು ಮದುಮಗಳಿಗೆ. ಆದರೆ ತಾಸಿನ ನಂತರ ನೋಡಿದರೆ ಅತ್ತಿಗೆಯ ಕೈ ಹಳದಿ, ಮಾವನ ಅಂಗಿ ಹಳದಿ, ಬಾಗಿಲ ಚೌಕಟ್ಟು ಹಳದಿ, ತಾಟು ಒಯ್ದ ಹುಡುಗನ ಮೂಗೂ ಹಳದಿ. ಕರ್ಕ್ಯುಮಿನ್ ಕೋಶದೊಳಗೆ ಹೀಗೇ. ಗಂಧಕವಿರುವ ಯಾವ ಪ್ರೋಟೀನಿನ ತುದಿ ಸಿಕ್ಕರೂ ಅಂಟಿಕೊಳ್ಳಬಲ್ಲದು, ಲೋಹದ ಅಯಾನು ಸಿಕ್ಕರೆ ಹಿಡಿಯುತ್ತದೆ, ತನ್ನಷ್ಟಕ್ಕೆ ಮುದ್ದೆಗಟ್ಟುತ್ತದೆ, ಮೇಲಾಗಿ ಬೆಳಕು ಬೀರಿ ಯಂತ್ರವನ್ನೂ ಮೋಸಗೊಳಿಸುತ್ತದೆ. ಹೀಗೆ ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ ಬರುವ ಅಣುಗಳಿಗೆ 2010ರಲ್ಲಿ ಜೊನಾಥನ್ ಬೆಲ್ ಮತ್ತು ಜಾರ್ಜಿನಾ ಹಾಲೋವೇ ಎಂಬ ಸಂಶೋಧಕರು ಒಂದು ಪಟ್ಟಿ ಮಾಡಿ "ಪೇನ್ಸ್" ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಕೇಳಿದರೆ ನೋವು, ತಲೆನೋವು ಎಂದೇ. 2017ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು ಕರ್ಕ್ಯುಮಿನ್ನಿನ ಇಡೀ ಜಾತಕ ಬರೆದರು. ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಪ್ರಯೋಗಗಳು ನಡೆದಿವೆ. ಆದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಯಾವುದು ಔಷಧಿ ಯಾವುದು ಹುಸಿಗುಳಿಗೆ ಎಂದು ತಿಳಿಯದಂತೆ ನಡೆಸಿದ ಕಟ್ಟುನಿಟ್ಟಿನ ಪ್ರಯೋಗಗಳಲ್ಲಿ ಒಂದೂ ಗೆದ್ದಿಲ್ಲ ಎಂದು ಅವರು ತೀರ್ಮಾನಿಸಿದರು.

ತಟ್ಟೆಗೂ ಹೊಟ್ಟೆಗೂ ಇರುವ ದೂರದ ಲೆಕ್ಕ ನೋಡಿ. ತಟ್ಟೆಯಲ್ಲಿ ನಾವು ಹಾಕುವುದು ಸಾಮಾನ್ಯವಾಗಿ ಹತ್ತರಿಂದ ಐವತ್ತು ಮೈಕ್ರೋಮೋಲಾರ್. ಇಪ್ಪತ್ತು ಎಂದು ಹಿಡಿದರೆ ಲೀಟರಿಗೆ ಏಳು ಮಿಲಿಗ್ರಾಮಿನಷ್ಟು. ಒಂದು ಚಿಟಿಕೆ ಅರಿಷಿಣದಲ್ಲಿ ಇರುವಷ್ಟೇ. ಕೇಳಲು ಏನೂ ಅಲ್ಲ. ಆದರೆ ದಿನಕ್ಕೆ ಹಲವು ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲೂ ಸಿಕ್ಕದ್ದು ಇದಕ್ಕಿಂತ ಎಷ್ಟೋ ಕಡಿಮೆ. ನೀರಿನಲ್ಲಿ ಕರಗದು, ಕರುಳು ಹೀರದು, ಹೀರಿದ್ದನ್ನೂ ಯಕೃತ್ತು ಬೇಗ ಸಾಗಹಾಕುತ್ತದೆ. ಮೆಣಸಿನಲ್ಲಿರುವ ಪಿಪರಿನ್ ಜತೆಗೆ ಕೊಟ್ಟರೆ ಮನುಷ್ಯರ ರಕ್ತದಲ್ಲಿ ಇಪ್ಪತ್ತು ಪಟ್ಟು ಹೆಚ್ಚು ಸಿಗುತ್ತದೆ ಎಂದು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ತೋರಿಸಿದ್ದು ನಿಜ. ಗುಳಿಗೆ ಮಾರುವವರೆಲ್ಲ ಇದನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಬೇಡದ್ದನ್ನು ಹೊರಹಾಕುವ ಯಕೃತ್ತಿನ ಕೆಲಸವನ್ನು ತಡೆದೇ ಪಿಪರಿನ್ ಇದನ್ನು ಸಾಧಿಸುವುದು. ಸಾಂದ್ರ ಗುಳಿಗೆ ನುಂಗಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಸಾರಿಗೆ ಹಾಕುವ ಅರಿಷಿಣದ ಮಾತು ಬೇರೆ, ಅದರ ಬಗ್ಗೆ ನನಗೆ ತಕರಾರಿಲ್ಲ.

ಇಷ್ಟು ಬೈದ ಮೇಲೂ ಕರ್ಕ್ಯುಮಿನ್ನಿನಿಂದ ಜೀವಕೋಶ ವಿಜ್ಞಾನಕ್ಕೆ ಏನೂ ಸಿಗಲಿಲ್ಲ ಎಂದರೆ ತಪ್ಪಾದೀತು. ಅದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಾಪಸ್ ಕುಂಡು ಅವರ ಗುಂಪು ಫ್ಯಾಕ್ಟರುಗಳ ಬೆನ್ನು ಹತ್ತದೆ ಅವುಗಳ ಸಹಾಯಕನನ್ನು ಹಿಡಿಯಿತು. ತಲಾಠಿ ದಫ್ತರ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಗಂಟಾಗಿದ್ದ ಕಾಲ ನೆನೆಯಿರಿ. ಪುಟ ಯಾವುದೆಂದು ಗೊತ್ತಾದರೆ ಸಾಲದು, ಗಂಟು ಬಿಚ್ಚುವವ ಬೇಕು. ಡಿಎನ್‌ಎ ಕೂಡ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿದ ಗಂಟು. ಅದಕ್ಕೆ ಅಸಿಟೈಲ್ ಗುರುತು ಹಾಕಿ ಸಡಿಲಿಸುವ ಕಿಣ್ವಗಳಲ್ಲಿ ಮುಖ್ಯವಾದುದು ಪಿ300. ಎನ್‌ಎಫ್-ಕಪ್ಪಾ-ಬಿ, ಪಿ53 ಮುಂತಾದ ಎಷ್ಟೋ ಫ್ಯಾಕ್ಟರುಗಳು ಇದನ್ನೇ ಕರೆಯುತ್ತವೆ. ಇದು ಕಿಣ್ವವಾದ್ದರಿಂದ ಇದಕ್ಕೆ ಒರಳಿನ ಗುಂಡಿ ಇದೆ!

ಆ ಗುಂಪು ಹುಡುಕಿದ್ದು ನಮ್ಮ ಸುತ್ತಿನ ಗಿಡಗಳಲ್ಲಿ. 2003ರಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯಿಂದ, ಅದೇ ಕೈಗೆ ತಾಗಿದರೆ ಬೊಬ್ಬೆ ಏಳುವ ಎಣ್ಣೆಯಿಂದ, ಅನಾಕಾರ್ಡಿಕ್ ಆಮ್ಲ ತೆಗೆದು ಅದು ಪಿ300ನ್ನು ತಡೆಯುತ್ತದೆ ಎಂದು ತೋರಿಸಿದರು. ಅದೇ ಆಮ್ಲವನ್ನು ರಸಾಯನವಿದ್ಯೆಯಿಂದ ಸ್ವಲ್ಪ ತಿದ್ದಿದರೆ ಪಿ300 ನಿಲ್ಲುವ ಬದಲು ಜೋರಾಯಿತು. 2004ರಲ್ಲಿ ಕಾರಣಂ ಬಾಲಸುಬ್ರಹ್ಮಣ್ಯಂ ಮೊದಲ ಹೆಸರಾಗಿ ಬರೆದ ಪ್ರಬಂಧದಲ್ಲಿ ಕರ್ಕ್ಯುಮಿನ್ ಬಂತು. ಅದು ಪಿ300ನ್ನು ತಡೆಯಿತು, ಅದೇ ಕೆಲಸದ ಇನ್ನೊಂದು ಕಿಣ್ವವಾದ ಪಿಕ್ಯಾಫನ್ನು ತಡೆಯಲಿಲ್ಲ. ಅದೇ ವರ್ಷ ಮುರುಗಲು ಸಿಪ್ಪೆಯ ಗಾರ್ಸಿನಾಲ್. ಮುರುಗಲು ಎಂದರೆ ಕೋಕಂ. ನಮ್ಮಲ್ಲಿ ಅದನ್ನು ಒಣಗಿಸಿದ ಆಮಸೂಲವನ್ನು ಸಾರಿಗೆ ಹಾಕುತ್ತೇವೆ.

ನನಗೆ ಇದರಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಅಲ್ಲಿಂದ ಮುಂದಿನ ಕತೆ. ಗಾರ್ಸಿನಾಲ್ ಪಿ300, ಪಿಕ್ಯಾಫ್ ಎರಡನ್ನೂ ತಡೆಯುತ್ತಿತ್ತು, ಕೋಶಗಳನ್ನೂ ಕೊಲ್ಲುತ್ತಿತ್ತು. ಕೊಲ್ಲುವ ಅಣುವಿನಿಂದ ಯಾವ ಫ್ಯೂಸು ಯಾವ ಪಂಪಿನದೆಂದು ತಿಳಿಯುವುದಿಲ್ಲ, ಬೋರ್ಡೇ ಸುಟ್ಟಿರುತ್ತದೆ. ಅವರು ಗಾರ್ಸಿನಾಲನ್ನು ತುಸು ತುಸುವೇ ತಿದ್ದುತ್ತ ಹೋದರು. 2007ರಲ್ಲಿ ಕೆ. ಮಂಟೇಲಿಂಗು ಮೊದಲ ಹೆಸರಾಗಿ ಬಂದ ಪ್ರಬಂಧದಲ್ಲಿ ಎಲ್‌ಟಿಕೆ-14 ಎಂಬ ತಿದ್ದಿದ ಅಣು ಪಿ300 ಒಂದನ್ನೇ ತಡೆಯಿತು, ಕೋಶ ಬದುಕಿಕೊಂಡಿತು. ಎಚ್‌ಐವಿ ಹೊಕ್ಕ ಕೋಶಗಳಲ್ಲಿ ವೈರಸ್ ಹೆಚ್ಚುವುದೂ ತಗ್ಗಿತು. ಇದು ಮಾರುಕಟ್ಟೆಯ ಔಷಧಿಯಲ್ಲ, ಗುಳಿಗೆಯಾಗಿ ಯಾರೂ ಮಾರಿಲ್ಲ. ಪ್ರಯೋಗಾಲಯದ ಒಂದು ಚೊಕ್ಕ ಸಲಕರಣೆ, ಅಷ್ಟೇ. ಸಂತೆಯ ಬೇರಿನಿಂದ ಅಕ್ಕಸಾಲಿಗನ ಚಿಮಟದ ತನಕ ಬರುವುದು ಹೀಗೆ ನಾಲ್ಕು ವರ್ಷಗಳ ಕೆಲಸ.

ಹೊರಗಿನ ಜಗತ್ತಿನಲ್ಲೂ ಇದೇ ಜಾಡು. 2010ರಲ್ಲಿ ಬಾಸ್ಟನ್ನಿನ ಜೇಮ್ಸ್ ಬ್ರ್ಯಾಡ್ನರ್ ಅವರ ಗುಂಪು ಜೆಕ್ಯೂ1 ಎಂಬ ಅಣು ಮಾಡಿತು. ಅದನ್ನು ಮಾಡಿದ ಜುನ್ ಚಿ ಎಂಬ ರಸಾಯನವಿಜ್ಞಾನಿಯ ಹೆಸರಿನ ಇಂಗ್ಲಿಷ್ ಅಕ್ಷರಗಳೇ ಅದಕ್ಕೆ ಹೆಸರು. ಕ್ಯಾನ್ಸರಿನ ದೊಡ್ಡ ಪುಂಡ ಮಿಕ್ ಎಂಬ ಫ್ಯಾಕ್ಟರನ್ನು ಅದು ಮುಟ್ಟದೆ, ಮಿಕ್‌ನ ಪುಟ ತೆಗೆಸುವ ಬಿಆರ್‌ಡಿ4 ಎಂಬ ಸಹಾಯಕನ ಗುಂಡಿಯಲ್ಲಿ ಕೂರುತ್ತದೆ. ಬ್ರ್ಯಾಡ್ನರ್ ಅದನ್ನು ಬಚ್ಚಿಡದೆ ಕೇಳಿದ ಪ್ರಯೋಗಾಲಯಗಳಿಗೆಲ್ಲ ಹಂಚಿದರು. ಅದರ ಜತೆ ಇನ್ನೊಂದು ಬಾಟಲಿಯೂ ಸಿಗುತ್ತದೆ: ಅದೇ ಅಣುವಿನ ಕನ್ನಡಿಬಿಂಬ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಕೂರದ ಹಾಗೆ ಇದು ಗುಂಡಿಯಲ್ಲಿ ಕೂರದು. ಎರಡನ್ನೂ ಹಾಕಿ ನೋಡಿ, ಕೂರುವುದರಿಂದ ಆದದ್ದು ಕೂರದ್ದರಿಂದಲೂ ಆದರೆ ನಿಮ್ಮ ಫಲಿತಾಂಶ ಕಸದ ಬುಟ್ಟಿಗೆ. ಕರ್ಕ್ಯುಮಿನ್ನಿಗೆ ಇಂಥ ತಪ್ಪು ಚಪ್ಪಲಿ ಇದ್ದಿದ್ದರೆ ಎಷ್ಟು ಕಾಗದ ಉಳಿಯುತ್ತಿತ್ತೋ! ಇನ್ನು ಅಂಗೈಯಲ್ಲೇ ಗುಂಡಿ ಸಿಕ್ಕ ಅದೃಷ್ಟದ ಕತೆಯೂ ಒಂದಿದೆ. ಆಮ್ಲಜನಕದ ಕೊರತೆಯಾದಾಗ ಏಳುವ ಎಚ್‌ಐಎಫ್-2 ಆಲ್ಫಾ ಎಂಬ ಫ್ಯಾಕ್ಟರಿನ ಒಳಗೆ ಒಂದು ಟೊಳ್ಳಿರುವುದನ್ನು ಡಲ್ಲಾಸಿನ ಸಂಶೋಧಕರು ಕಂಡರು. ಅದರಲ್ಲಿ ಕೂರುವ ಬೆಲ್ಜುಟಿಫಾನ್ ಎಂಬ ಗುಳಿಗೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿ, ವಂಶಪಾರಂಪರ್ಯದ ಒಂದು ಬಗೆಯ ಗಡ್ಡೆಗಳಿಗೆ ಬಳಕೆಗೆ ಬಂತು.

ಮಾರ್ಚಿನಲ್ಲಿ ಊರಿಗೆ ಹೋದೆ. ಅಂಗಳದ ತುಂಬ ಕುದಿಸಿದ ಅರಿಷಿಣ ಒಣಗಲು ಹರವಿತ್ತು. ಕಾಕಾಗೆ ಇದನ್ನೆಲ್ಲ ಹೇಳಿದೆ, ಉತಾರದಿಂದ ಸುರಗಿಯ ತನಕ. ಅವರು ಒಂದು ಕೊಂಬು ಮುರಿದು ಒಳಬಣ್ಣ ನೋಡುತ್ತ ಕೇಳಿಸಿಕೊಂಡರು.

"ಅಂದ್ರ ಆ ಗುಳಿಗಿ ತಗೋಬಾರದು."

"ಡಾಕ್ಟರು ಹೇಳದ ಹೊರತು ಬ್ಯಾಡ ಕಾಕಾ."

"ಆತು ಬಿಡು. ಆದ್ರ ನಮ್ಮ ಮಾಲಿನಾಗ ಖರೇನ ಏನೈತಿ, ಅದನ್ನರೆ ನೋಡಿ ಹೇಳು." ಮುರಿದ ಕೊಂಬನ್ನು ನನ್ನ ಕೈಗೆ ಕೊಟ್ಟರು.

ಬೆಂಗಳೂರಿಗೆ ಬಂದು ಅದನ್ನು ಕುಟ್ಟಿ, ಸಾರ ತೆಗೆದು, ಸಿಲಿಕಾ ಬಳಿದ ತಟ್ಟೆಯ ಕೆಳತುದಿಗೆ ಒಂದು ಚುಕ್ಕೆ ಇಟ್ಟೆ. ದ್ರಾವಕ ಮೇಲೇರಿದಂತೆ ಆ ಒಂದು ಹಳದಿ ಚುಕ್ಕೆ ಮೂರಾಗಿ ಒಡೆಯಿತು: ಮೇಲೆ ದೊಡ್ಡದಾಗಿ ಕರ್ಕ್ಯುಮಿನ್, ಕೆಳಗೆ ಅದರ ಇಬ್ಬರು ತಮ್ಮಂದಿರು. ಪಕ್ಕದಲ್ಲಿ ಫ್ರಿಜ್ಜಿನ ಬೆಲೆಬಾಳುವ ಬಾಟಲಿಯಿಂದಲೂ ಒಂದು ಚುಕ್ಕೆ ಇಟ್ಟಿದ್ದೆ. ಅಲ್ಲೂ ಮೂರು. ಫೋಟೋ ತೆಗೆದು ಕಾಕಾಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು, ಧ್ವನಿಸಂದೇಶ, ಹಿಂದೆ ಕೊಂಬು ಉಜ್ಜುವ ಡ್ರಮ್ಮಿನ ಗಡಗಡ.

"ಮೂರ ಅದಾವಲಾ ತಂಗೀ. ಇದರಾಗ ಸ್ವಿಚ್ಚ ಬಂದ್ ಮಾಡೂದು ಯಾವುದು?"

ಆ ಸಂಜೆ ತಟ್ಟೆಯ ಮೇಲಿನ ಮೂರು ಹಳದಿಗಳನ್ನೂ ಬ್ಲೇಡಿನಿಂದ ಬೇರೆಬೇರೆಯಾಗಿ ಕೆರೆದು, ಮೂರು ಬಾಟಲಿಗೆ ತುಂಬಿ, ಬೆಳಕು ಬೀಳದಂತೆ ಹಾಳೆ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟೆ. ಚೀಟಿಯ ಮೇಲೆ ಇನ್‌ಹಿಬಿಟರ್ ಎಂದು ಬರೆಯಲಿಲ್ಲ. ಆರಗ 1, ಆರಗ 2, ಆರಗ 3 ಎಂದಷ್ಟೇ ಬರೆದೆ.